ಕಂಪನಿ ಬಿಲ್ಡಿಂಗಿನ ಟೈಪಿಂಗ್ ಮೇಷ್ಟ್ರು

ನಮ್ಮ ಟೈಪಿಂಗ್ ಮೇಷ್ಟ್ರ ಎಡ ಅಂಗೈ ಯಾವಾಗಲೂ ಸುಣ್ಣ ಮೆತ್ತಿ ಬೆಳ್ಳಗಿರುತ್ತಿತ್ತು. ಮಹಡಿ ಹತ್ತುವಾಗ ಅವರು ಬಲಗಡೆಯ ಮರದ ಕಟಕಟೆಯನ್ನು ಮುಟ್ಟುತ್ತಿರಲಿಲ್ಲ. ಎಡಗೈಯನ್ನು ಗೋಡೆಗೆ ಒತ್ತಿಕೊಂಡು, ಒಂದು ಮೆಟ್ಟಿಲಿಗೆ ಎರಡೂ ಪಾದ ಊರಿ, ಕ್ಷಣ ನಿಂತು, ಆಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಿದ್ದರು. ಇಪ್ಪತ್ತೆರಡು ಮೆಟ್ಟಿಲು. ಹಾಗೆ ಹತ್ತಿ ಮೇಲೆ ಬಂದವರೇ ಕರವಸ್ತ್ರದಿಂದ ಅಂಗೈ ಒರೆಸಿಕೊಳ್ಳುತ್ತಿದ್ದರು. ಆದರೆ ಗೆರೆಗೆರೆಗಳಲ್ಲಿ ಕೂತ ಸುಣ್ಣ ಹೋಗುತ್ತಿರಲಿಲ್ಲ. ಮಿಷಿನ್ನಿನ ಮೇಲೆ ನಮ್ಮ ಬೆರಳುಗಳನ್ನು ಸರಿಪಡಿಸಿ ಕೂರಿಸುವಾಗ ಅವರ ಕೈಯ ಬಿಳಿಪುಡಿ ಕೀಲಿಗಳ ಮೇಲೆ ಉದುರುತ್ತಿತ್ತು.

ಅವರು ಹೆದರುಪುಕ್ಕಲರು ಎಂಬುದು ಊಟಿಯ ಕಮರ್ಷಿಯಲ್ ರಸ್ತೆಗೆಲ್ಲ ಗೊತ್ತಿತ್ತು. ಗುಡುಗಿಗೆ ಹೆದರುತ್ತಿದ್ದರು, ಗ್ಯಾಸ್ ಸಿಲಿಂಡರಿಗೆ ಹೆದರುತ್ತಿದ್ದರು, ಘಾಟಿಯಲ್ಲಿ ಇಳಿಯುವ ಬಸ್ಸನ್ನಂತೂ ಹತ್ತುತ್ತಲೇ ಇರಲಿಲ್ಲ. ಕೂನೂರಿಗೆ ಪರೀಕ್ಷೆಯ ಕೆಲಸಕ್ಕೆ ಹೋಗಬೇಕಾದರೆ ರೈಲಿಗೆ ಕಾಯುತ್ತಿದ್ದರು. ರೈಲಿನಲ್ಲೂ ಕಣಿವೆಯ ಕಡೆಯ ಕಿಟಕಿ ಬೇಡ, ಬೆಟ್ಟದ ಕಡೆಯದೇ ಬೇಕು. ಮದುವೆಯಾಗಿರಲಿಲ್ಲ. ಊಟಿಯದೇ ಒಂದು ಬಡಾವಣೆಯಾದ ಕಾಂದಲ್‌ನಲ್ಲಿ ಅಕ್ಕನ ಜೊತೆ ಇದ್ದರು. ಚಳಿಗೆ ಕಂದು ಸ್ವೆಟರು, ಅದರ ಮೇಲೊಂದು ಕೋಟು, ಕುತ್ತಿಗೆಗೆ ಮಫ್ಲರು. ಇಷ್ಟೆಲ್ಲ ಹೊದ್ದರೂ ಒಳಗೆ ತೆಳ್ಳಗೆ ಒಂದು ಕಡ್ಡಿ ಇರುವ ಹಾಗೆ ಕಾಣುತ್ತಿದ್ದರು.

ನಾನು ಅವರಲ್ಲಿಗೆ ಸೇರಿದ್ದು ಬಿ.ಕಾಂ. ಮುಗಿಸಿದ ಮೇಲೆ. ನಮ್ಮ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಮಂಡಿಯಲ್ಲಿ ಕ್ಯಾರೆಟ್, ಆಲೂಗೆಡ್ಡೆ ವ್ಯಾಪಾರಕ್ಕೆ ನಿಂತವರು. ತಮಿಳುನಾಡಿನಲ್ಲಿ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುವವರಿಗೆ ಈಗಲೂ ಟೈಪಿಂಗ್ ಸರ್ಟಿಫಿಕೇಟು ಬೇಕು, ಅದೂ ಹಳೇ ಕಬ್ಬಿಣದ ಮಿಷಿನ್ನಿನಲ್ಲೇ. ಮೊದಲ ದಿನ ನಾನು ತಮಿಳಿನಲ್ಲಿ ಹೆಸರು ಹೇಳಿದೆ. ಅವರು ನನ್ನ ಮಾತಿನ ಎಳೆ ಹಿಡಿದು, "ಯಾವೂರಮ್ಮ ನಿಮ್ದು?" ಎಂದು ಕನ್ನಡದಲ್ಲೇ ಕೇಳಿದರು. ಅವರ ತಂದೆ ನಂಜನಗೂಡಿನ ಕಡೆಯವರು. ಅಂದಿನಿಂದ ನನಗೆ ಮಾತ್ರ ಕನ್ನಡದಲ್ಲಿ ಗದರಿಕೆ.

ಇನ್ಸ್ಟಿಟ್ಯೂಟು ಇದ್ದದ್ದು ಕಂಪನಿ ಬಿಲ್ಡಿಂಗಿನ ಮಹಡಿಯಲ್ಲಿ. ಜನ ಹಾಗೆ ಕರೆಯುತ್ತಿದ್ದರೂ ಅದು ಯಾವ ಕಂಪನಿ ಎಂದು ನೆನಪಿದ್ದವರು ಮೇಷ್ಟ್ರೊಬ್ಬರೇ. ಬಿಳಿಯರ ಕಾಲದಲ್ಲಿ ಎಸ್ಟೇಟುಗಳಿಗೆ ಸಾಮಾನು ಸರಬರಾಜು ಮಾಡುತ್ತಿದ್ದ ಕಂಪನಿಯೊಂದು ಅದನ್ನು ಕಟ್ಟಿಸಿತಂತೆ. ಪೇಟೆಯಲ್ಲಿ ಆಫೀಸಿಗೆಂದೇ ಕಟ್ಟಿಸಿದ ಮೊದಲ ಕೆಲವು ಕಟ್ಟಡಗಳಲ್ಲಿ ಅದೂ ಒಂದು ಎಂದು ಅವರು ಹೇಳುವಾಗ ದನಿಯಲ್ಲಿ ಹೆಮ್ಮೆ, ಕಣ್ಣಲ್ಲಿ ಅಂಜಿಕೆ ಎರಡೂ ಇರುತ್ತಿದ್ದವು. ಕೆಳಗೆ ಬಿಸ್ಕತ್ತು, ವೈನು, ಕುದುರೆಯ ಜೀನು ಮಾರುತ್ತಿದ್ದರು. ಮೇಲೆ ಎತ್ತರದ ಸ್ಟೂಲುಗಳ ಮೇಲೆ ಗುಮಾಸ್ತರು ಕೂತು ಎಸ್ಟೇಟುಗಳ ಕಾಗದಪತ್ರ ಬರೆಯುತ್ತಿದ್ದರು. ಹಿಂದುಗಡೆ ಗಾಜಿನ ಚಾವಣಿಯ ಒಂದು ಕೋಣೆಯಲ್ಲಿ ಫೋಟೋ ತೆಗೆಯುವವನಿದ್ದ. ಬಿಳಿಯರು ಹೋದ ಮೇಲೆ ಕೊಯಮತ್ತೂರಿನ ಒಬ್ಬರು ಸೇಠರು ಕಟ್ಟಡವನ್ನು ಕೊಂಡರು. ಕೆಲವು ವರ್ಷ ಒಂದು ಬ್ಯಾಂಕು ಇತ್ತು. ಅದು ಸ್ವಂತ ಜಾಗಕ್ಕೆ ಹೋದ ಮೇಲೆ ಕೋಣೆ ಕೋಣೆಯನ್ನೂ ಬಾಡಿಗೆಗೆ ಕೊಟ್ಟರು. ಇನ್ಶೂರೆನ್ಸ್ ಏಜೆಂಟ್ ಬಂದ, ಹೋದ. ಚಹಾ ದಲ್ಲಾಳಿ ಬಂದು ಸಾಲಾಗಿ ಪಿಂಗಾಣಿ ಬಟ್ಟಲಿಟ್ಟು ರುಚಿ ನೋಡಿ ಉಗುಳುತ್ತಿದ್ದ, ಅವನೂ ಹೋದ. ಕೋಟು ಹೊಲಿಯುವವರು, ರೇಡಿಯೋ ರಿಪೇರಿಯವರು, ಸಿನಿಮಾ ಶೂಟಿಂಗಿಗೆ ಮನೆ ಹುಡುಕಿಕೊಡುವವರು, ಹೀಗೆ ಯಾರು ಯಾವ ಕೋಣೆಯಲ್ಲಿ ಇದ್ದರು, ಯಾಕೆ ಬಿಟ್ಟರು ಎಂಬುದೆಲ್ಲ ಮೇಷ್ಟ್ರಿಗೆ ಬಾಯಿಪಾಠ. ಏಕೆಂದರೆ ಬಾಡಿಗೆ ಕರಾರುಗಳನ್ನೆಲ್ಲ ಟೈಪು ಮಾಡಿಕೊಟ್ಟವರು ಅವರೇ.

ಬ್ಯಾಂಕು ಹೋಗುವಾಗ ಒಂದನ್ನು ಮಾತ್ರ ಬಿಟ್ಟು ಹೋಯಿತು. ಮಹಡಿಯ ನಡುವಿನ ಕೋಣೆಯಲ್ಲಿದ್ದ ಕಬ್ಬಿಣದ ತಿಜೋರಿ. ಆಳೆತ್ತರ, ಅಷ್ಟೇ ಅಗಲ, ಕಡುಹಸಿರು ಬಣ್ಣ. ಅದನ್ನು ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ. ಯಾಕೆಂದರೆ ಅದನ್ನು ಹತ್ತಿಸುವಾಗ ಏನಾಯಿತು ಎಂಬುದು ಆಗಿನವರಿಗೆಲ್ಲ ಗೊತ್ತಿತ್ತು. ಮೇಷ್ಟ್ರ ತಂದೆ ಆ ಬ್ಯಾಂಕಿನ ಜವಾನರು. ಮೆಟ್ಟುಪಾಳ್ಯದಿಂದ ಲಾರಿಯಲ್ಲಿ ಬಂದ ತಿಜೋರಿಯನ್ನು ಮರದ ದಿಮ್ಮಿಗಳ ಮೇಲೆ ಉರುಳಿಸುತ್ತಾ, ಹಗ್ಗದಲ್ಲಿ ಎಳೆಯುತ್ತಾ ಹತ್ತಿಸಿದರಂತೆ. ಕೊನೇ ಮೆಟ್ಟಿಲಿನಲ್ಲಿ ಹಗ್ಗ ಹರಿದು ಅದು ಒಂದೇ ಒಂದು ಅಡಿ ಹಿಂದಕ್ಕೆ ಜಾರಿತು. ಆ ಒಂದು ಅಡಿಯಲ್ಲಿ ಅವರ ತಂದೆಯ ಎಡಪಾದವಿತ್ತು.

ಆಮೇಲೆ ಅವರ ತಂದೆ ಬದುಕಿದಷ್ಟು ದಿನವೂ ಕೋಲು ಹಿಡಿದೇ ನಡೆದರು. ಮಗನಿಗೆ ಅವರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು. ಹತ್ತಿಸುವ ಕೆಲಸ ಹಿಡಿದಿದ್ದ ಮೇಸ್ತ್ರಿ ಆ ತಿಜೋರಿಯನ್ನು ಸುಮ್ಮನೆ ಸಿಕ್ಕಿದ ಕಡೆ ಇಟ್ಟಿಲ್ಲ, ಕೆಳಗಿನ ನಡುಗೋಡೆಯ ನೆತ್ತಿಯ ಮೇಲೆ ಕೂರಿಸಿದ್ದಾನೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಅದು. ಆ ಗೋಡೆ ಇರುವವರೆಗೂ ಏನೂ ಆಗುವುದಿಲ್ಲ.

ಟೈಪಿಂಗಿನ ಹೈಯರ್ ಪರೀಕ್ಷೆ ಪಾಸಾದ ಮೇಲೆ ನನ್ನನ್ನು ಅದೇ ಮಹಡಿಯ ವಕೀಲರ ಹತ್ತಿರ ಕೆಲಸಕ್ಕೆ ಸೇರಿಸಿದ್ದೂ ಮೇಷ್ಟ್ರೇ. ವಕೀಲರ ಒಳಕೋಣೆಯಲ್ಲಿ ಆ ತಿಜೋರಿ ಇತ್ತು. ಅವರು ಅದರೊಳಗೆ ಹಳೇ ಕೇಸುಗಳ ಕಟ್ಟುಗಳನ್ನು ತುಂಬಿದ್ದರು. ನನ್ನ ಮೇಜು ಹೊರಕೋಣೆಯಲ್ಲಿ, ರಸ್ತೆ ಕಡೆಯ ಕಿಟಕಿಯ ಪಕ್ಕ. ನನಗೂ ತಿಜೋರಿಗೂ ನಡುವೆ ಒಂದು ಹಲಗೆಯ ಅಡ್ಡಗೋಡೆ ಅಷ್ಟೇ. ಎದುರು ಕೋಣೆಯಲ್ಲಿ ಹಲ್ಲಿನ ಡಾಕ್ಟರು. ಮೂಲೆಯಲ್ಲಿ ಸಣ್ಣ ಚಹಾ ಬೆಳೆಗಾರರ ಸಂಘದ ಆಫೀಸು. ಸುತ್ತಲಿನ ಹಟ್ಟಿಗಳ ಬಡಗ ಸಮುದಾಯದ ಹಿರಿಯರು ಬಿಳಿ ಪೇಟ, ಬಿಳಿ ಶಾಲು ಹೊದ್ದು ಎಲೆ ಬೆಲೆಯ ಮಾತಾಡಲು ಬರುತ್ತಿದ್ದರು. ಅವರು ಬಡಗ ಭಾಷೆಯಲ್ಲಿ ಕೇಳಿದರೆ ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಯಾರಿಗೂ ಏನೂ ತೊಡಕಾಗುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಕೆಳಗೆ ಚಾಕೊಲೇಟ್ ಅಂಗಡಿ ಬಂತು. ಪ್ರವಾಸಿಗರಿಗೆ ದೊಡ್ಡ ಶೋರೂಮ್ ಮಾಡಬೇಕೆಂದು ಆ ಅಂಗಡಿಯವರು ಅಕ್ಕಪಕ್ಕದ ಎರಡೂ ಮಳಿಗೆಗಳನ್ನು ಹಿಡಿದರು. ಸೀಸನ್ನಿಗೆ ಮುಂಚೆ ಒಂದು ಬೆಳಗ್ಗೆ ಕೆಳಗಿನಿಂದ ಸುತ್ತಿಗೆಯ ಸದ್ದು ಶುರುವಾಯಿತು. ನನ್ನ ಮೇಜಿನ ಮೇಲಿನ ಲೋಟದಲ್ಲಿ ಟೀ ನಡುಗಿತು. ಮೇಷ್ಟ್ರು ಕ್ಲಾಸು ಬಿಟ್ಟು ಕೆಳಗಿಳಿದು ಹೋದರು. ವಾಪಸ್ ಬಂದು, "ನಡುಗೋಡೆ ಒಡೀತಿದಾರೆ" ಎಂದರು.

ಅವರು ಸುಮ್ಮನೆ ಕೂರಲಿಲ್ಲ. ಸೇಠರ ಮಗನಿಗೆ ಫೋನು ಮಾಡಿದರು. ಇಂಜಿನಿಯರ್ ನೋಡಿದ್ದಾರೆ, ಕಬ್ಬಿಣದ ತೊಲೆ ಕೊಡುತ್ತಿದ್ದೇವೆ ಎಂದು ಅತ್ತ ಕಡೆಯಿಂದ ಉತ್ತರ ಬಂತು. ಅವನಿಗೆ ಮೂರು ಪತ್ರ ಟೈಪು ಮಾಡಿ ಕಳಿಸಿದರು, ಮೂರಕ್ಕೂ ಕಾರ್ಬನ್ ಪ್ರತಿ ಮನೆಯಲ್ಲಿ ಇಟ್ಟುಕೊಂಡರು. ಚಾಕೊಲೇಟ್ ಅಂಗಡಿಯವರ ಬಳಿ ಹೋಗಿ ತಂದೆಯ ಕಾಲಿನ ಕಥೆಯನ್ನೂ ಹೇಳಿದರು. ಆತ ಒರಟನಲ್ಲ. ಪೂರ್ತಿ ಕೇಳಿಸಿಕೊಂಡು, ಒಂದು ತುಂಡು ಚಾಕೊಲೇಟು ಕೈಗಿಟ್ಟು, ನಿಮಗೆ ಬಹಳ ಭಯ ಸಾರ್ ಎಂದು ಭುಜ ತಟ್ಟಿ ಕಳಿಸಿದ. ಗೋಡೆ ಹೋಯಿತು. ಅದರ ಜಾಗದಲ್ಲಿ ತೊಲೆ ಬಂತು. ತೊಲೆಯ ಎರಡು ತುದಿಗೂ ಇಟ್ಟಿಗೆಯ ಕಂಬ ಕಟ್ಟಿ, ಮೇಲೆ ಕನ್ನಡಿ ಹೊದಿಸಿ ಮುಚ್ಚಿಬಿಟ್ಟರು.

ಆಮೇಲೆ ಮೇಷ್ಟ್ರು ಎರಡು ಕೆಲಸ ಶುರು ಮಾಡಿದರು. ನಡುಮನೆಯ ಹಾಗಿದ್ದ ಮಹಡಿಯ ಓಣಿಯಲ್ಲಿ ಗೋಡೆ ಬಿರುಕು ಬಿಟ್ಟಲ್ಲೆಲ್ಲ ತೆಳ್ಳನೆಯ ಟೈಪಿಂಗ್ ಕಾಗದದ ಪಟ್ಟಿ ಕತ್ತರಿಸಿ, ಬಿರುಕಿನ ಮೇಲೆ ಅಡ್ಡಲಾಗಿ ಗೋಂದಿನಿಂದ ಅಂಟಿಸಿದರು. ಕಾಗದ ಹರಿದರೆ ಬಿರುಕು ದೊಡ್ಡದಾಗಿದೆ ಎಂದು ಅರ್ಥ. ದಿನಾ ಬಂದಕೂಡಲೇ ಒಂದೊಂದನ್ನೂ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು. ಎರಡನೆಯದು, ಗಂಟೆಗೊಮ್ಮೆ ಹಿತ್ತಾಳೆಯ ಕೈಗಂಟೆ ಬಾರಿಸಿ ಇಡೀ ಕ್ಲಾಸಿನ ಮಿಷಿನ್ನುಗಳನ್ನು ನಿಲ್ಲಿಸುವುದು. ಹನ್ನೆರಡು ಮಿಷಿನ್ನಿನ ಗದ್ದಲ ತಟ್ಟನೆ ನಿಂತಾಗ ಮಹಡಿಯೆಲ್ಲ ಒಂದು ಥರ ಖಾಲಿಯಾಗುತ್ತಿತ್ತು. ಮೇಷ್ಟ್ರು ಕಣ್ಣುಮುಚ್ಚಿ ನಿಂತು ಕಟ್ಟಡದ ಸದ್ದು ಕೇಳುತ್ತಿದ್ದರು. ಒಂದು ನಿಮಿಷ. ಆಮೇಲೆ "ಹೂಂ, ಹೊಡೀರಿ" ಎನ್ನುತ್ತಿದ್ದರು. ಹುಡುಗ ಹುಡುಗಿಯರು ಅದಕ್ಕೆ ಸಾರ್ ಪ್ರಾರ್ಥನೆ ಎಂದು ಹೆಸರಿಟ್ಟಿದ್ದರು. ವಕೀಲರು ಅದನ್ನು ಕೇಳಿ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಗುತ್ತಾ ನಗುತ್ತಾ ಯಾವಾಗ ಅವರ ಭಯ ನನಗೆ ಅಂಟಿತೋ ಗೊತ್ತಿಲ್ಲ. ಆ ಒಂದು ನಿಮಿಷ ಬಂದಾಗ ನಾನೂ ಪೆನ್ನು ಕೆಳಗಿಟ್ಟು ಕೇಳತೊಡಗಿದೆ. ಮೊದಮೊದಲು ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಬಿಸಿಲೇರಿದಾಗ ತಗಡಿನ ಚಾವಣಿ ಟಣ್ ಎನ್ನುವುದು, ಸಂಜೆ ಚಳಿಗೆ ಹಲಗೆ ಕುಗ್ಗುವುದು, ಮರದೊಳಗೆ ಹುಳ ಕೊರೆಯುವುದು ಎಲ್ಲ ಬೇರೆ ಬೇರೆಯಾಗಿ ಕೇಳಿಸತೊಡಗಿದವು. ಅವುಗಳ ಹಿಂದೆ, ತಿಜೋರಿಯ ಕಡೆಯಿಂದ, ಯಾರೋ ಹಲ್ಲು ಕಚ್ಚಿಕೊಂಡ ಹಾಗೆ ಸಣ್ಣ ಕಿರ್ ಸದ್ದು. ಮದುವೆಯಾಗಿ, ಬಸುರಿಯಾದ ಮೇಲೆ ಆ ಸದ್ದು ಮನೆಗೂ ಬಂತು. ಅಡುಗೆ ಮಾಡುತ್ತಿದ್ದರೆ ಕಿವಿ ಅಲ್ಲಿಗೇ ಹೋಗುತ್ತಿತ್ತು. ಗಂಡ ಕೆಲಸ ಬಿಡು ಎಂದರು. ಬಿಡಬೇಕು ಅನ್ನಿಸಿದರೂ ಹೆರಿಗೆಯವರೆಗೆ ಎಂದು ಮುಂದೂಡಿದೆ.

ಒಂದು ದಿನ ಮೇಷ್ಟ್ರನ್ನೇ ಕೇಳಿದೆ, ಇಷ್ಟು ಭಯ ಇಟ್ಟುಕೊಂಡು ನೀವು ಯಾಕೆ ಬರುತ್ತೀರಿ ಎಂದು. ಅವರು ನೆಲಮಾಳಿಗೆಯಲ್ಲಿ, ನೆಲಮಟ್ಟದಲ್ಲಿ, ಎಲ್ಲಾದರೂ ಒಂದು ಕೋಣೆ ಸಿಗುತ್ತದೆಯೇ ಎಂದು ಊರೆಲ್ಲ ಹುಡುಕಿದ್ದರಂತೆ. ಹನ್ನೆರಡು ಮಿಷಿನ್ನಿನ ಗದ್ದಲಕ್ಕೆ ಯಾರೂ ಜಾಗ ಕೊಡಲು ಒಪ್ಪಿರಲಿಲ್ಲ. "ನಾನು ಬರ್ದೇ ಇದ್ರೂ ಇವ್ರು ಬರ್ತಾರಲ್ಲಮ್ಮ, ಪರೀಕ್ಷೆ ಇದೆ. ಬೀಗ ತೆಗೆದು ಕೂತ್ಕೋತಾರೆ. ಆಗ ಕೇಳೋರು ಯಾರು?" ಎಂದರು.

ಆ ವರ್ಷ ಆಗಸ್ಟಿನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಅವಲಾಂಚ್ ಎಂಬ ಊರಿನ ಕಡೆ ಬೆಟ್ಟ ಜರಿದು ದಾರಿ ಹೋಯಿತು ಎಂದರು, ಗೂಡಲೂರಿನ ಬಸ್ಸು ನಿಂತಿತು, ಕೂನೂರು ಘಾಟಿಯಲ್ಲಿ ಮರ ಬಿದ್ದವು. ನಾಲ್ಕನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಹಡಿ ತುಂಬಿತ್ತು. ಕ್ಲಾಸಿನಲ್ಲಿ ಹನ್ನೆರಡು ಜನ. ಸಂಘದ ಆಫೀಸಿನಲ್ಲಿ ತೋಟ ಕೊಚ್ಚಿಹೋದವರು ಅರ್ಜಿ ಬರೆಸಲು ಬಂದು ಇಪ್ಪತ್ತರ ಮೇಲೆ ಇದ್ದರು. ಡಾಕ್ಟರ ಕುರ್ಚಿಯಲ್ಲಿ ಒಬ್ಬ ರೋಗಿ. ವಕೀಲರು ಒಳಕೋಣೆಯಲ್ಲಿ ಫೋನಿನಲ್ಲಿದ್ದರು. ನನಗೆ ಆರು ತಿಂಗಳು.

ಮೇಷ್ಟ್ರು ಗಂಟೆ ಬಾರಿಸಿದರು, ಮಿಷಿನ್ನುಗಳು ನಿಂತವು. ತಗಡಿನ ಮೇಲಿನ ಮಳೆಯ ಸದ್ದಿನ ಕೆಳಗೆ ನನಗೆ ಬೇರೆ ಒಂದು ಸದ್ದು ಕೇಳಿಸಿತು. ಗೋಡೆಯೊಳಗೆ ಯಾರೋ ಅಕ್ಕಿ ಸುರಿಯುತ್ತಿರುವ ಹಾಗೆ. ಸುರಿಯಿತು, ನಿಂತಿತು, ಮತ್ತೆ ಸುರಿಯಿತು.

ಮೇಷ್ಟ್ರು ಓಣಿಗೆ ಬಂದರು. ನನ್ನ ಬಾಗಿಲು ತೆರೆದೇ ಇತ್ತು. ಅವರು ಗೋಡೆಯ ಮೊದಲ ಪಟ್ಟಿ ನೋಡಿದರು, ಎರಡನೆಯದು ನೋಡಿದರು. ಮೂರನೆಯದರ ಹತ್ತಿರ ಹೋಗಲೇ ಇಲ್ಲ. ತಿರುಗಿ ಮೆಟ್ಟಿಲಿನ ಕಡೆ ನಡೆದರು. ಆಮೇಲೆ ಮೆಟ್ಟಿಲಿನ ಮೇಲೆ ದಡದಡ ಸದ್ದು. ಅಷ್ಟು ವರ್ಷಗಳಲ್ಲಿ ಅವರು ಆ ಮೆಟ್ಟಿಲು ಓಡಿ ಇಳಿದದ್ದನ್ನು ನಾನು ಕೇಳಿರಲಿಲ್ಲ.

ಕಿಟಕಿಯಿಂದ ನೋಡಿದೆ. ಅವರು ರಸ್ತೆ ದಾಟಿ ಎದುರಿನ ಬೇಕರಿಯ ಮುಂದೆ ನಿಂತಿದ್ದರು. ಕೊಡೆ ಇಲ್ಲ, ಮಫ್ಲರು ಒಂದು ಕಡೆ ಜಾರಿ ನೆಲ ಮುಟ್ಟುತ್ತಿತ್ತು. ಮುಖ ಮೇಲೆತ್ತಿ ಕಟ್ಟಡವನ್ನು ನೋಡುತ್ತಿದ್ದರು. ಕ್ಲಾಸಿನಲ್ಲಿ ಯಾರೋ, ಸಾರ್ ಎಲ್ಲಿಗೋ ಹೋದರು ಎಂದು ನಕ್ಕು ಮಿಷಿನ್ ಶುರು ಮಾಡಿದರು. ಒಂದೊಂದಾಗಿ ಹನ್ನೆರಡೂ ಶುರುವಾದವು. ನೆಲ ಮತ್ತೆ ಅದುರತೊಡಗಿತು.

ನನಗೆ ಗೊತ್ತಾಗಿತ್ತು. ಅವರು ಯಾಕೆ ಓಡಿದರು ಎಂದು ಆ ಮಹಡಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಎದ್ದು ಕೂಗಬೇಕಿತ್ತು. ಕೂಗಲಿಲ್ಲ. ಕಾಲಿನಲ್ಲಿ ಶಕ್ತಿ ಇರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಸುಳ್ಳಾದರೆ ಎಲ್ಲರೂ ನಗುತ್ತಾರಲ್ಲ ಎಂದೂ ಅನ್ನಿಸಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆ. ಒಳಗೆ ಮಗು ಒಮ್ಮೆ ಒದೆಯಿತು. ಹಲಗೆಗೋಡೆಯ ಆಚೆ ಅಕ್ಕಿ ಸುರಿಯುತ್ತಿತ್ತು. ಮೇಷ್ಟ್ರ ಕಣ್ಣು ಕಿಟಕಿ ಕಿಟಕಿ ದಾಟಿ ನನ್ನ ಕಿಟಕಿಗೆ ಬಂತು. ನಾನು ನೋಡುತ್ತಿರುವುದು ಅವರಿಗೆ ಕಂಡಿತು. ಎಷ್ಟು ಹೊತ್ತು ಹಾಗೇ ಇದ್ದೆವೋ, ಐದು ನಿಮಿಷ ಇರಬಹುದು.

ಆಮೇಲೆ ಅವರು ರಸ್ತೆ ದಾಟಿ ವಾಪಸ್ ಬಂದರು.

ಮೇಲೆ ಬಂದಾಗ ಅವರ ದವಡೆ ನಡುಗುತ್ತಿತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಮೊದಲು ನನ್ನ ಬಾಗಿಲಿಗೇ ಬಂದರು. "ಏಳಮ್ಮ. ಗೋಡೆ ಪಕ್ಕಾನೇ ಇಳಿ. ಓಡ್ಬೇಡ" ಎಂದರು. ಕ್ಲಾಸಿಗೆ ಹೋಗಿ ಕೈಗಂಟೆ ಎತ್ತಿಕೊಂಡರು. ಅದನ್ನು ಬಾರಿಸುತ್ತಾ ಓಣಿಯ ಉದ್ದಕ್ಕೂ ನಡೆದರು. ವಿದ್ಯಾರ್ಥಿಗಳು ಇದೂ ಒಂದು ಪ್ರಾರ್ಥನೆ ಎಂಬಂತೆ ಮುಖ ಮುಖ ನೋಡಿಕೊಂಡರು. ಮೇಷ್ಟ್ರ ಮುಖ ಕಂಡ ಮೇಲೆ ಯಾರೂ ನಗಲಿಲ್ಲ. ಒಬ್ಬೊಬ್ಬರೇ, ಗೋಡೆ ಒರಸಿಕೊಂಡು ಇಳಿದರು. ಸಂಘದ ಹಿರಿಯರಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಇಳಿಜಾರಿನಲ್ಲಿ ಹುಟ್ಟಿ ಬೆಳೆದವರು, ನೆಲ ಜಾರುವ ಮೊದಲು ಹೇಗಿರುತ್ತದೆ ಎಂದು ಬಲ್ಲವರು. ಒಬ್ಬ ಅಜ್ಜ ಕಿವಿಗೊಟ್ಟು ಕೇಳಿ, ಶಾಲು ಹೆಗಲಿಗೆಸೆದು ಎದ್ದುಬಿಟ್ಟ. ಉಳಿದವರು ಅವನ ಹಿಂದೆ. ಡಾಕ್ಟರು ಹಲ್ಲು ಅರ್ಧ ಕಿತ್ತಿದ್ದೇನೆ, ಹೇಗೆ ಬರಲಿ ಎಂದು ರೇಗಿದರು. ಆದರೆ ರೋಗಿಯೇ ಬಾಯಿಯ ತುಂಬ ಹತ್ತಿ ಇಟ್ಟುಕೊಂಡು ಕುರ್ಚಿಯಿಂದ ಇಳಿದು ಹೊರಟಿದ್ದ.

ನಾನು ಮೆಟ್ಟಿಲ ತುದಿಯಲ್ಲಿ ಗೋಡೆ ಹಿಡಿದು ನಿಂತಿದ್ದೆ. ಒಳಗೆ ವಕೀಲರು ಫೋನು ಕೆಳಗಿಟ್ಟಿರಲಿಲ್ಲ. ಇವತ್ತೂ ಶುರುವಾಯಿತೇ ಸಾರ್ ಎಂದು ತಮಿಳಿನಲ್ಲಿ ಕೇಳಿದರು. ಮೇಷ್ಟ್ರೂ ತಮಿಳಿನಲ್ಲೇ ಏನೋ ಹೇಳಲು ಹೋಗಿ, ಬಾರದೆ, ಕನ್ನಡಕ್ಕೆ ಜಾರಿದರು. ತಿಜೋರಿಯ ಮೇಲೆ ಕೈಯಿಟ್ಟು, "ಇದು ನಮ್ಮಪ್ಪನ ಕಾಲು ತಿಂದಿದೆ. ನಿಮ್ಮನ್ನ ಬಿಡಲ್ಲ. ಏಳಿ ಸ್ವಾಮಿ" ಎಂದರು. ವಕೀಲರಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ಎದ್ದರು. ತಿಜೋರಿಗೆ ಒರಗಿಸಿಟ್ಟಿದ್ದ ಅವರ ಕೊಡೆ ತನ್ನಷ್ಟಕ್ಕೆ ಜಾರಿ ನೆಲಕ್ಕೆ ಬಿದ್ದದ್ದನ್ನು ಇಬ್ಬರೂ ನೋಡಿದರಂತೆ.

ನಾನು ಇಳಿಯುವಾಗ ಮೆಟ್ಟಿಲು ನನ್ನ ಕಾಲಿನ ಕೆಳಗೆ ದೋಣಿಯ ಹಾಗೆ ಅಲ್ಲಾಡುತ್ತಿತ್ತು.  ಬಾಯಿಯಲ್ಲಿ ಒಂದೇ ಸಮನೆ ಮೆಟ್ಟಿಲು ಎಣಿಸುತ್ತಿದ್ದೆ, ಹದಿನಾರು ಆದಮೇಲೆ ಯಾವ ಅಂಕಿ ಎಂದು ಮರೆತುಹೋಯಿತು. ಹಿಂದೆ ಮೇಷ್ಟ್ರು ಇದ್ದರು. ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು.

ಕೆಳಗೆ ಚಾಕೊಲೇಟ್ ಅಂಗಡಿಯಲ್ಲಿ ಘಾಟಿ ಮುಚ್ಚಿದ್ದರಿಂದ ಸಿಕ್ಕಿಬಿದ್ದ ಮೈಸೂರಿನ ಎರಡು ಸಂಸಾರಗಳಿದ್ದವು. ಮಕ್ಕಳು ಕನ್ನಡಿಯ ಮುಂದೆ ಮುಖ ಓರೆ ಮಾಡಿ ಆಡುತ್ತಿದ್ದವು. ಅಂಗಡಿಯವನು ಮೇಷ್ಟ್ರನ್ನು ಬಾಗಿಲಲ್ಲೇ ತಡೆದು, ಗಿರಾಕಿಗಳನ್ನು ಹೆದರಿಸಬೇಡಿ ಎಂದ. ಮೇಷ್ಟ್ರು ಅವನನ್ನು ಬಿಟ್ಟು ಆ ಮಕ್ಕಳ ತಾಯಿಗೆ ಕೈಮುಗಿದು ನಿಂತರು. "ತಾಯೀ, ಮಕ್ಕಳನ್ನ ಕರ್ಕೊಂಡು ಆಚೆ ಬಂದ್ಬಿಡಿ. ನನ್ನ ಮಾತು ಸುಳ್ಳಾದ್ರೆ ಬೈದ್ಬಿಡಿ" ಎಂದರು. ಆಕೆ ಬಂದಳು. ಆಕೆಯ ಹಿಂದೆ ಎಲ್ಲರೂ ಬಂದರು. ಕೊನೆಗೆ ಅಂಗಡಿಯವನೂ ಮೇಷ್ಟ್ರ ಜೊತೆ ಜಗಳ ಮುಂದುವರಿಸಲೆಂದೇ ಹೊರಗೆ ಬಂದ.

ನಾವೆಲ್ಲ ಬೇಕರಿಯ ಮುಂದೆ ಮಳೆಯಲ್ಲಿ ನಿಂತೆವು. ಹತ್ತು ನಿಮಿಷವಾಯಿತು, ಏನೂ ಆಗಲಿಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡು ನಾನಿನ್ನು ಮೇಲೆ ಹೋಗುತ್ತೇನೆ ಎಂದರು. ಒಂದೆರಡು ಹೆಜ್ಜೆ ಇಟ್ಟೂ ಬಿಟ್ಟರು. ಮೇಷ್ಟ್ರು ಅವರ ಕೋಟಿನ ಚುಂಗು ಹಿಡಿದುಕೊಂಡರು. ಹಿಡಿದ ಚುಂಗು ಬಿಡಲಿಲ್ಲ. ಆಗ ಮೊದಲು ಅಂಗಡಿಯ ಒಳಗಿನ ಕನ್ನಡಿ ಒಡೆದ ಸದ್ದು ಬಂತು. ಆಮೇಲೆ ಬಂದದ್ದು ಸದ್ದೇ ಅಲ್ಲ, ಪಾದದ ಕೆಳಗಿನ ನೆಲ ಒಮ್ಮೆ ಎದ್ದು ಕೂತ ಹಾಗಾಯಿತು. ತಿಜೋರಿ ಮಹಡಿ ತೂತು ಮಾಡಿಕೊಂಡು ಶೋರೂಮಿನ ನಡುವಿಗೆ ಬಿದ್ದಿತ್ತು. ಅದರ ಹಿಂದೆ ನಡುಭಾಗದ ಮಹಡಿ, ಚಾವಣಿ, ಮೆಟ್ಟಿಲು ಎಲ್ಲ ಒಂದರ ಮೇಲೊಂದು ಮಡಚಿಕೊಂಡು ಇಳಿದವು. ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಬಾಗಿಲಿನಿಂದ ಬಿಳಿ ದೂಳು ಹೊರಗೆ ನುಗ್ಗಿ ಮಳೆಗೆ ಅಲ್ಲೇ ಕುಸಿಯಿತು. ಹಳೇ ಸುಣ್ಣದ ವಾಸನೆಯ ಜೊತೆ ಚಾಕೊಲೇಟಿನ ವಾಸನೆ. ಇವತ್ತಿಗೂ ನಾನು ಚಾಕೊಲೇಟು ಬಾಯಿಗಿಡಲಾರೆ.

ಮೇಷ್ಟ್ರು ಅಲ್ಲೇ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ವಾಂತಿ ಮಾಡಿಕೊಂಡರು.

ಆಮೇಲಿನ ದಿನಗಳಲ್ಲಿ ಅವರ ಮೂರು ಪತ್ರಗಳ ಕಾರ್ಬನ್ ಪ್ರತಿಗಳು ಬಹಳ ಕೈ ತಿರುಗಿದವು. ಸೇಠರ ಮಗ ತಪ್ಪನ್ನೆಲ್ಲ ಮಳೆಯ ಮೇಲೆ ಹಾಕಿದ. ಕಟ್ಟಡದ ಉಳಿದ ಭಾಗವನ್ನೂ ಕೆಡವಿದರು. ಆ ಬೀದಿಯ ವರ್ತಕರು ಮೇಷ್ಟ್ರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದು ಒಂದು ದಿನ ಗೊತ್ತು ಮಾಡಿದರು. ಅವರು ಹೋಗಲಿಲ್ಲ. ಎಂಥ ವಿನಯ ಎಂದು ಎಲ್ಲರೂ ಹೊಗಳಿದರು. ನಾನು ಕಾಂದಲ್‌ನ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಿದೆ. ಅಕ್ಕ ಒಳಗಿದ್ದರು. ಮೇಷ್ಟ್ರು ತಗ್ಗಿದ ದನಿಯಲ್ಲಿ, "ನೀನು ನೋಡ್ದೆಯಲ್ಲಮ್ಮ ಕಿಟಕೀಲಿ. ಮೊದಲು ಓಡ್ಹೋದೋನಿಗೆ ಶಾಲು ಹೊದಿಸ್ತಾರಾ?" ಎಂದರು.

ನಾನೂ ಕೂಗಲಿಲ್ಲವಲ್ಲ ಸಾರ್ ಎಂದು ಹೇಳಬೇಕೆಂದಿದ್ದೆ. ಹೇಳಲಾಗಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮಿಷಿನ್ನು ಇಟ್ಟುಕೊಂಡು ಪಾಠ ಹೇಳಿದರು. ಅವಶೇಷದಲ್ಲಿ ಸಿಕ್ಕ ನಾಲ್ಕು ಅವು. ಮಹಡಿ ಇರುವ ಯಾವ ಮನೆಗೂ ಮತ್ತೆ ಕಾಲಿಡಲಿಲ್ಲ. ನನ್ನ ಮಗಳು ಹುಟ್ಟಿದ ಮೇಲೆ ಆಗಾಗ ಕರೆದುಕೊಂಡು ಹೋಗುತ್ತಿದ್ದೆ. ಅವರು ಮೊದಲು ಚಾಪೆಯ ಮೇಲೆ ಸರಿಯಾಗಿ ಕೂತು, ಗೋಡೆಗೆ ಬೆನ್ನು ಕೊಟ್ಟು, ಆಮೇಲೆ ಮಗುವನ್ನು ಕೊಡು ಎನ್ನುತ್ತಿದ್ದರು. ಕೈ ಜಾರಿದರೆ ಎಂದು ಹೆದರಿಕೆ. ಅವಳು ದೊಡ್ಡವಳಾಗಿ ಅಂಗಳದಲ್ಲಿ ಓಡತೊಡಗಿದಾಗ, ಬೀಳುತ್ತಾಳೆ, ಬೀಳುತ್ತಾಳೆ ಎನ್ನುತ್ತಾ ಅವಳ ಹಿಂದೆಯೇ ಸುತ್ತುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದರು. ಮೂರು ದಿನ ಇದ್ದರು. ನಾನು ನೋಡಲು ಹೋದಾಗ ಹಾಸಿಗೆಯ ಅಂಚಿನ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಭಯವಾಗುತ್ತಿದೆಯಾ ಸಾರ್ ಎಂದು ಕೇಳಿದೆ. ಕೇಳಬಾರದಿತ್ತೇನೋ. "ತುಂಬ" ಎಂದರು. ಅವರ ಬೆರಳನ್ನು ಕಬ್ಬಿಣದಿಂದ ಒಂದೊಂದಾಗಿ ಬಿಡಿಸಿ ನನ್ನ ಕೈಯಲ್ಲಿ ಇಟ್ಟುಕೊಂಡೆ. ನನಗೂ ಭಯವಾಗುತ್ತಿತ್ತು.  ಮರುದಿನ ಬೆಳಗ್ಗೆ ಅವರು ಹೋಗಿಬಿಟ್ಟಿದ್ದರು.

ಹನ್ನೊಂದನೆಯ ದಿನದ ಊಟಕ್ಕೆ ಹಳೇ ಬಿಲ್ಡಿಂಗಿನವರೆಲ್ಲ ಬಂದಿದ್ದರು. ವಕೀಲರು, ಡಾಕ್ಟರು, ಸಂಘದ ಹಿರಿಯರು, ಈಗ ಸರ್ಕಾರಿ ಕೆಲಸದಲ್ಲಿರುವ ಆಗಿನ ವಿದ್ಯಾರ್ಥಿಗಳು. ಎಲೆ ಹಾಕುವ ಮೊದಲು ಡಾಕ್ಟರು ಎದ್ದು ನಿಂತು ಎರಡು ಮಾತು ಹೇಳಿದರು. ಇಂಥ ಧೈರ್ಯವಂತರನ್ನು ತಾನು ಕಂಡಿಲ್ಲ, ಭಯ ಎಂಬುದೇ ಗೊತ್ತಿಲ್ಲದ ಮನುಷ್ಯ ಎಂದರು. ಎಲ್ಲರೂ ತಲೆಯಾಡಿಸಿದರು.

ನನಗೆ ಅದನ್ನು ಕೇಳಿಕೊಂಡು ಕೂರಲಾಗಲಿಲ್ಲ. ಅವರು ಹೇಳುತ್ತಿದ್ದ ಆ ಮನುಷ್ಯ ನನಗೆ ಗೊತ್ತೇ ಇರಲಿಲ್ಲ. ಎದ್ದು ನಿಂತೆ. ಮಗಳು ಸೆರಗು ಹಿಡಿದುಕೊಂಡಿದ್ದಳು. ಮೇಷ್ಟ್ರಿಗೆ ಭಯ ಇತ್ತು, ನಮ್ಮೆಲ್ಲರಿಗಿಂತ ಹೆಚ್ಚು ಇತ್ತು ಎಂದೆ. ಕಾಗದ ಹರಿದದ್ದು ಕಂಡು ಅವರು ಮೊದಲು ಒಬ್ಬರೇ ಓಡಿಹೋಗಿದ್ದರು, ನಾನು ಕಿಟಕಿಯಿಂದ ನೋಡಿದೆ ಎಂದೆ. ಐದು ನಿಮಿಷ ಅಲ್ಲಿ ನಿಂತಿದ್ದವರು ನಡುಗುತ್ತಲೇ ವಾಪಸ್ ಬಂದರು. ಅದೇ ಐದು ನಿಮಿಷ ನನಗೂ ಎಲ್ಲ ಗೊತ್ತಿದ್ದು, ನಗುತ್ತಾರೆಂದು ಬಾಯಿ ತೆರೆಯದೆ ಕೂತಿದ್ದೆ. ಅದನ್ನು ಅವರ ಮುಂದೆ ಹೇಳಲಾಗಲಿಲ್ಲ, ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ ಎಂದೆ.

 ತಪ್ಪು ಮಾಡಿದೆನೇನೋ ಎಂದು ಅಕ್ಕನ ಕಡೆ ನೋಡಿದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಅವತ್ತು ಮನೆಗೆ ಬಂದೋನೇ ಅದನ್ನೇ ಮೊದಲು ಹೇಳ್ದ" ಎಂದರು ಅಕ್ಕ. "ಒದ್ದೆ ಬಟ್ಟೇಲೇ ಹೊಸ್ತಿಲ ಮೇಲೆ ಕೂತ್ಕೊಂಡ. ಆ ಐದು ನಿಮಿಷದಲ್ಲಿ ಬಿದ್ದೋಗಿದ್ರೆ ಏನು ಮಾಡ್ತಿದ್ದೆ ಅಕ್ಕಾ ಅಂದ. ಆರು ವರ್ಷದಿಂದ ಅದೇ ಮಾತು, ದಿನಾ. ನೀನು ಈ ಮಗೂನ ಕರ್ಕೊಂಡು ಬಂದ ದಿನ ಮಾತ್ರ ಎತ್ತುತಿರಲಿಲ್ಲ."

ಆಮೇಲೆ ಅವರು ಬಾಳೆಲೆ ತಂದು ಹಾಸಿ, ನನ್ನ ಮಗಳನ್ನು ಕೈಹಿಡಿದು ಮೊದಲ ಎಲೆಯ ಮುಂದೆ ಕೂರಿಸಿ, ಅವಳಿಗೇ ಮೊದಲು ಪಾಯಸ ಬಡಿಸಿದರು.